ಏಳನೇ ತೂತು

ಒಣಗಿದ ಹಾವಿನಂಗ ಸುತ್ತಿ ತಂದಿದ್ದ,
ಅರಿವಿ ಬಿಚ್ಚಿದ್ದೇ ತಡ ಎರಡು ಕಡೆ ಮುರೀತು.
‘ಮೋನಣ್ಣ, ಆಯುಧ ಪೂಜಿಗೆ ಬೇಕು, ಇದರಂಗೇ ಹೊಸಾದೊಂದು.
ಒಂದು ನೂಲೂ ಬ್ಯಾರೆ ಆಗಬಾರದು.’
ಜಡಿಯಪ್ಪ ನಾಯಕರ ಮನಿ ಬಂದೂಕ,
ಎಲೆಕ್ಷನ್‌ಗೊಮ್ಮೆ ಸುರಪುರ ಠಾಣೇಕ ಹೋಗಿ
ಕೊರಳಿಗೆ ಚೀಟಿ ಕಟಗೊಂಡು, ಗ್ವಾಡಿಗೆ ಆತು ನಿಂತು ಬರತಾದ.
ಅದಕ್ಕ ಗುಂಡು ಮಾಡೋ ಕಾರಖಾನಿ
ನಾ ಹುಟ್ಟೋಕಿಂತ ಮದಲೇ ಬಾಗಿಲ ಹಾಕ್ಯಾದಂತ.
ಅಳತಿಗೆ ಅಂತ ಒಂದು ಖಾಲಿ ಕಾಡತೂಸು ಕೊಟ್ಟ,
ಹಿತ್ತಾಳಿದು, ನನ್ನ ಹೆಬ್ಬಟ್ಟಿಗಿಂತ ಒಂದು ಗೆಣ್ಣು ಉದ್ದ.
ತುಟಿಗಿಟ್ಟು ಊದಿದೆ.
ಕೊಳಲಂಗ ಕೂಗಿತು.

ರಂಗಂಪೇಟಿ ಸಂದ್ಯಾಗ ನನ್ನ ಅಂಗಡಿ,
ಮ್ಯಾಲೆ ತಗಡು, ತೆಳಗ ಅಪ್ಪನ ಕಲ್ಲು.
ಈಗ ಬರೋದೆಲ್ಲ ಪ್ಲಾಸ್ಟಿಕ್ ಚಪ್ಪಲಿ, ಸಾಲಿ ಚೀಲದ ಚೈನು.
ತಂಗಡಿ ತೊಗಟ್ಯಾಗ ನೆನದ ತೊಗಲು ಬೇಕು ಅಂದ್ರ
ಶಹಾಪುರದಾಗ ಸಿಗಲಿಲ್ಲ, ಯಾದಗಿರಿಯಾಗ ನಕ್ಕರು.
ಕಡೀಗೆ ನಮ್ಮ ಮಾವನ ಅಟ್ಟದ ಮ್ಯಾಲೆ ಒಂದು ಎಮ್ಮಿ ತೊಗಲು,
ಬಾವಿ ಮೊಟ್ಟಿ ಹೊಲೀಲಿಕ್ಕ ಅಂತ ಇಟ್ಟಿದ್ದು.
ಮೊಟ್ಟಿ ಹೋಗಿ ಪಂಪು ಬಂದು ನಲವತ್ತು ವರ್ಷ,
ಅದು ಇನ್ನೂ ಕಾಯಕೋತ ಕುಂತಿತ್ತು.

ಹಳೇದನ್ನ ಬಿಚ್ಚಿದೆ, ಒಂದೊಂದೇ ಹೊಲಿಗಿ.
ನಲವತ್ತು ಕುಣಿಕಿ. ಬಲಕ್ಕಿನ ಹದಿನೆಂಟರಾಗ
ಹಿತ್ತಾಳಿ ಕೂತು ಕೂತು ಹಸರು ಕಿಲುಬು.
ಎಡಕ್ಕಿನವು ಒಣಾ ಒಣಾ. ಆರಿ ಹಾಕಿ ಕೆದರಿದೆ,
ಬಿಳೇ ಬೆಂಡು ಉದುರಿತು, ಅಂಚಿಗೆ ತುಸು ಹಳದಿ.
ಮೂಸಿದೆ, ನಾಲಿಗಿಗೂ ಹಚ್ಚಿ ನೋಡಿದೆ:
ಜ್ವಾಳದ ದಂಟು.

ಇನ್ನ ಬಕ್ಕಲಿನ ತೂತು. ಆರು ಗುಂಡಗ,
ಪಂಚಿಲೆ ಹೊಡದದ್ದು, ಬೊಟ್ಟಿಗೊಂದು ಬೊಟ್ಟು ಅಂತರ.
ಏಳನೇದ್ದು ಒಂದು ಗೇಣು ಒಳಗ, ಸೊಟ್ಟ, ಹರಕಬಾಯಿ,
ಮೊಳಿ ಬಡದು ಮಾಡಿದ್ದು.

‘ಈ ತೂತು ಹಾಕಲೋ ಬ್ಯಾಡೋ?’
ಜಡಿಯಪ್ಪ ನಕ್ಕ. ‘ನಮ್ಮ ಮುತ್ಯಾ ಕಂಬ ಇದ್ದಂಗಿದ್ದ.
ಅಷ್ಟು ಸಣ್ಣ ನಡ ನಮ್ಮ ಮನ್ಯಾಗ ಯಾರದೂ ಇಲ್ಲ. ಬಿಡು ಅದನ್ನ.’
‘ಒಂದು ನೂಲೂ ಬ್ಯಾರೆ ಆಗಬಾರದು ಅಂದೀ.’
ಹೊಳ್ಳಿ ಮಾತಾಡಲಿಲ್ಲ. ಫೋನು ತಗದ.

ಕೆಂಭಾವ್ಯಾಗ ಅವನ ಸ್ವಾದರತ್ತಿ, ಹುಸೇನವ್ವ,
ಮೊಹರಮ್ಮಿಗೆ ಹರಕಿ ಹೊತ್ತು ಪಡದ ಕೂಸು,
ಈಗ ತೊಂಬತ್ತು, ಕಿವಿ ಒಂದೇ ಕೇಳತಾದ.
ಸ್ಪೀಕರಿಗೆ ಹಾಕಿ ಚೀರಿ ಚೀರಿ ಕೇಳಿದ.
ಆ ಕಡಿಂದ ಬಾಳೊತ್ತು ಬರೇ ಕೋಳಿ ಸಪ್ಪಳ.
ಆಮ್ಯಾಲೆ:

‘ಗದ್ಲದ ವರ್ಷ ಅದು. ಗಂಡಸರೆಲ್ಲ ಗಡಿ ಆಚಿ ಕ್ಯಾಂಪಿನ್ಯಾಗ.
ಬಂದೂಕ ಕಣಕಿ ಹೊರ್‍ಯಾಗ ಮುಚ್ಚಿ ಒಯ್ದರು, ಗುಂಡು ಬುತ್ತಿಗಂಟಿನ್ಯಾಗ.
ಪಟ್ಟಿ ನಡಕ್ಕಿದ್ರ ಹಿಡೀತಾರಂತ ಗೂಟಕ್ಕ ಬಿಟ್ಟು ಹ್ವಾದರು.
ಅವ್ವ ನಂಗ ಅಪ್ಪನ ಅಂಗಿ ಹಾಕಿ, ರುಮಾಲ ಸುತ್ತಿ,
ಹೆಗಲಿಗೆ ಒನಕಿ ಕೊಟ್ಟು ಮಾಳಿಗಿ ಮ್ಯಾಲೆ ನಿಂದ್ರಿಸಿದಳು.
ಪಟ್ಟಿ ಜಾರತಿತ್ತು, ಆಕೀನೇ ಮೊಳಿ ಬಡದಳು.
ದಂಟು ತುಂಡ ಮಾಡಿ ಅರಿಷಿಣ ಹಚ್ಚಿದಿವಿ,
ಬೆಳದಿಂಗಳಾಗ ಹಿತ್ತಾಳಿ ಕಂಡಂಗ ಕಾಣಲಿ ಅಂತ.
ಹನ್ನೊಂದು ರಾತ್ರಿ.
ಯಾರೂ ಬರಲಿಲ್ಲ.
ಬೆಳ್ಳಿಚಿಕ್ಕಿ ಮೂಡೂತನಕ ಉಚ್ಚಿ ತಡಕೊಂಡು ನಿಂತಿದ್ದೆ,
ಅದೊಂದೇ ನೆನಪದ.
ಊಟ ಆತೇನೋ ನಿಂದು?’

ಜಡಿಯಪ್ಪ ಫೋನು ಕಿಸೇಕ ಇಟಗೊಂಡ,
ಹೊರಗ ತಗದ, ಮತ್ತ ಇಟಗೊಂಡ.
‘ಅಪ್ಪ ಹೇಳಿಲ್ಲ,’ ಅಂದ. ‘ಯಾರೂ ಹೇಳಿಲ್ಲ.’
ಚಹಾ ತರಿಸಿದೆ. ಕೆನಿ ಕಟ್ಟೂತನಕ ಅದನ್ನೇ ನೋಡಿದ,
ಹಾಕು ಅಂತಾನೂ ಅನ್ನಲಿಲ್ಲ, ಬ್ಯಾಡ ಅಂತಾನೂ ಅನ್ನಲಿಲ್ಲ,
ಎದ್ದು ಬಸ್‌ಸ್ಟ್ಯಾಂಡಿನ ಕಡಿಗೆ ನಡದ.
ಕೆಂಭಾವಿ ಬಸ್ಸು ನಾಕಕ್ಕ.

ಆರು ತೂತಿಗೆ ಪಂಚು ಇತ್ತು.
ಏಳನೇದ್ದಕ್ಕ ಅಪ್ಪನ ಡಬ್ಬಿ ಸುರುವಿ
ತುಕ್ಕ ಹಿಡದ ಮೊಳಿ ಹುಡುಕಿದೆ,
ಕಲ್ಲಿನ ಮ್ಯಾಲೆ ಪಟ್ಟಿ ಹಾಸಿ ಸುತಿಗಿ ಎತ್ತಿದೆ.
ಎತ್ತಿದ ಕೈ ಅಲ್ಲೇ ನಿಂತಿತು.
ನಡುಗೋ ಕೈಲೆ ಬಡದ ತೂತು ಅದು;
ನನ್ನ ಕೈ ಐವತ್ತು ವರ್ಷ ಸೊಟ್ಟ ಹೊಡದಿಲ್ಲ.

ಸುತಿಗಿ ಎಡಗೈಗೆ ಬದಲ ಮಾಡಿದೆ.